ಶಿರಸಿಯಿಂದ ಕಾರವಾರಕ್ಕೆ, ಹಕ್ಕಿ ನೋಡುತ್ತಾ

ಹಕ್ಕಿ ನೋಡಲು ಕಾರು ಹತ್ತುವವರು ನನ್ನನ್ನು ಮೊದಲು ಕೇಳುವುದು ಎಲ್ಲಿಗೆ ಹೋಗಬೇಕು ಅಂತ. ಜಾಗದ ಹೆಸರು ಆಮೇಲೆ ಹೇಳುತ್ತೇನೆ. ಈಗ ಯಾವ ಮರ ಹಣ್ಣು ಬಿಟ್ಟಿದೆ, ನೀರು ಎಲ್ಲಿ ಉಳಿದಿದೆ, ಸಮುದ್ರದ ಇಳಿತ ಎಷ್ಟು ಹೊತ್ತಿಗೆ, ಇದನ್ನು ಮೊದಲು ವಿಚಾರಿಸಿ ಅನ್ನುತ್ತೇನೆ. ನಮ್ಮ ಉತ್ತರ ಕನ್ನಡದ ಕಾಡು ದಟ್ಟ. ಹಕ್ಕಿ ಹಿಂದೆ ಓಡಿದರೆ ಎಲೆ ಮಾತ್ರ ಕಾಣುತ್ತದೆ. ಅದಕ್ಕೆ ಬೇಕಾದದ್ದು ಎಲ್ಲಿದೆಯೋ ಅಲ್ಲಿ ಮೊದಲೇ ಹೋಗಿ ಕುಳಿತರೆ ಅದೇ ಬರುತ್ತದೆ. ನಾನು ಮತ್ತು ನನ್ನ ಭಾವ ಚಳಿಗಾಲದಲ್ಲಿ ಹಾಕಿಕೊಂಡ ಸುತ್ತು ಪೂರ್ತಿ ಈ ಲೆಕ್ಕದ ಮೇಲೆಯೇ ನಡೆಯಿತು. ಶಿರಸಿಯಿಂದ ಮುಂಡಗೋಡ, ದಾಂಡೇಲಿ, ಗಣೇಶಗುಡಿ, ಅಣಶಿ ಘಟ್ಟ ಇಳಿದು ಕಾರವಾರ, ಅಲ್ಲಿಂದ ಕುಮಟಾ ಮೇಲೆ ವಾಪಸ್ ಮನೆಗೆ.

ಡಿಸೆಂಬರ್, ಜನವರಿ ಇದಕ್ಕೆ ಒಳ್ಳೆಯ ಕಾಲ. ವಲಸೆ ಹಕ್ಕಿಗಳು ಬಂದು ನೆಲೆ ನಿಂತಿರುತ್ತವೆ. ಹಳ್ಳಗಳಲ್ಲಿ ನೀರು ಇಳಿಯುತ್ತಾ ಬಂದಿರುತ್ತದೆ, ಹಾಗಾಗಿ ಉಳಿದ ನೀರಿಗೆ ಹಕ್ಕಿ ಸೇರುತ್ತವೆ. ಉಂಬಳದ (ಜಿಗಣೆಯ) ಕಾಟವೂ ಇಲ್ಲ. ಸಾಮಾನು ಹೆಚ್ಚು ಬೇಡ. 8x42 ದುರ್ಬೀನು ಸಾಕು. ಜಾಸ್ತಿ ಶಕ್ತಿಯದ್ದು ಅಂತ 12 ಪಟ್ಟಿನದು ಕೊಂಡರೆ ಕಾಡೊಳಗೆ ಕೈ ನಡುಗಿ, ಕತ್ತಲಾಗಿ, ಏನೂ ಸರಿಯಾಗಿ ಕಾಣುವುದಿಲ್ಲ. ಮಣ್ಣಿನ ಬಣ್ಣದ ಅಂಗಿ ಹಾಕಿಕೊಳ್ಳಿ. ಮೊಬೈಲ್‌ನಲ್ಲಿ ಮರ್ಲಿನ್ ಆ್ಯಪ್ ಇದ್ದರೆ ಕೂಗು ಗುರುತಿಸಲು ಸಹಾಯ ಆಗುತ್ತದೆ. ಆದರೆ ಹಕ್ಕಿಯ ಕೂಗನ್ನು ಸ್ಪೀಕರ್‌ನಲ್ಲಿ ಹಾಕಿ ಅದನ್ನು ಕರೆಯುವುದನ್ನು ನಾನು ಒಪ್ಪುವುದಿಲ್ಲ. ತನ್ನ ಜಾಗಕ್ಕೆ ಬೇರೆ ಹಕ್ಕಿ ಬಂತು ಅಂತ ಅದು ಗಾಬರಿಯಾಗಿ ಬರುತ್ತದೆ. ತಿನ್ನುವ, ಮರಿ ನೋಡುವ ಹೊತ್ತು ಹಾಳು.

ಮೊದಲ ನಿಲುಗಡೆ ಅತ್ತಿವೇರಿ. ಮುಂಡಗೋಡ ತಾಲ್ಲೂಕಿನ ಈ ಪಕ್ಷಿಧಾಮ ಜಲಾಶಯದ ಸುತ್ತ ಇರುವ ಚಿಕ್ಕ ಜಾಗ, ಎರಡು ಚದರ ಕಿಲೋಮೀಟರ್ ಚಿಲ್ಲರೆ ಅಷ್ಟೇ. ಬೆಳಿಗ್ಗೆ ಬೇಗ ಹೋದರೆ ಬಾಯ್ಕಳಕ, ಚಮಚದ ಕೊಕ್ಕಿನ ಹಕ್ಕಿ, ಕರಿತಲೆಯ ಕೆಂಬರಲು, ನೀರುಕಾಗೆ ಎಲ್ಲ ಆರಾಮಾಗಿ ಕಾಣುತ್ತವೆ. ಹೊಸಬರನ್ನು ನಾನು ಕರೆದುಕೊಂಡು ಹೋಗುವುದು ಮೊದಲು ಇಲ್ಲಿಗೇ. ಬಯಲು ನೀರಿನಲ್ಲಿ ದೊಡ್ಡ ಹಕ್ಕಿ ನಿಂತಿರುತ್ತದೆ, ದುರ್ಬೀನು ಹಿಡಿಯುವ ಅಭ್ಯಾಸ ಆಗುತ್ತದೆ. ಮಧ್ಯಾಹ್ನಕ್ಕೆ ಮುಂಡಗೋಡದ ಟಿಬೆಟಿಯನ್ ಕಾಲೊನಿಯಲ್ಲಿ ಮೊಮೊ ತಿಂದು ಯಲ್ಲಾಪುರ ಮೇಲೆ ದಾಂಡೇಲಿ ದಾರಿ ಹಿಡಿದೆವು.

ದಾಂಡೇಲಿ ಅಂದರೆ ಮಂಗಟ್ಟೆ, ಇಂಗ್ಲಿಷಿನ ಹಾರ್ನ್‌ಬಿಲ್. ನಮ್ಮಲ್ಲಿ ನಾಲ್ಕು ಬಗೆಯ ಮಂಗಟ್ಟೆ ಇವೆ, ನಾಲ್ಕನ್ನೂ ಈ ಒಂದು ಸುತ್ತಿನಲ್ಲಿ ನೋಡಬಹುದು. ಎಲ್ಲಕ್ಕಿಂತ ದೊಡ್ಡದು ದೊಡ್ಡ ಮಂಗಟ್ಟೆ. ಕೊಕ್ಕಿನ ಮೇಲೆ ಶಿರಸ್ತ್ರಾಣದಂಥ ಹಳದಿ ಉಬ್ಬು, ಬಿಳಿ ಕುತ್ತಿಗೆ, ಹಾರಿದರೆ ರೆಕ್ಕೆಯ ಸದ್ದು ದೂರದಿಂದಲೇ ಕೇಳುತ್ತದೆ. ಅದಕ್ಕಿಂತ ಸ್ವಲ್ಪ ಚಿಕ್ಕದು, ಕುತ್ತಿಗೆ ಕಪ್ಪು, ಹೊಟ್ಟೆ ಬಿಳಿ ಇರುವುದು ಮಲಬಾರ್ ಕಪ್ಪು-ಬಿಳಿ ಮಂಗಟ್ಟೆ. ಮಲಬಾರ್ ಬೂದು ಮಂಗಟ್ಟೆಗೆ ಶಿರಸ್ತ್ರಾಣವೇ ಇಲ್ಲ. ಅದು ಗಹಗಹಿಸಿ ನಕ್ಕ ಹಾಗೆ ಕೂಗುತ್ತದೆ, ಶಿರಸಿ ಕಡೆ ತೋಟಕ್ಕೆ ಸೊಪ್ಪು ತರುವ ಬೆಟ್ಟದಲ್ಲೂ ಕೇಳುತ್ತೇವಲ್ಲ, ಅದೇ. ನಾಲ್ಕನೆಯದು ಬಯಲುಸೀಮೆ ಕಡೆಯೂ ಸಿಗುವ ಸಾಮಾನ್ಯ ಬೂದು ಮಂಗಟ್ಟೆ.

ದಾಂಡೇಲಿಯ ಟಿಂಬರ್ ಡಿಪೊ ಮಂಗಟ್ಟೆಗೆ ಹೆಸರುವಾಸಿ. ಕಪ್ಪು-ಬಿಳಿ ಮಂಗಟ್ಟೆಗಳು ಇಲ್ಲಿ ಗುಂಪಾಗಿ ಬರುತ್ತವೆ. ಒಳಗೆ ಹೋಗುವ ಮೊದಲು ಅಲ್ಲಿಯವರನ್ನು ಕೇಳುವುದು ಸರಿ. ನಾವು ಸಂಜೆ ಹೋಗಿ ಹಣ್ಣು ಬಿಟ್ಟ ಒಂದು ಗೋಳಿಮರ ಕಾಣುವ ಹಾಗೆ ದೂರದಲ್ಲಿ ಕುಳಿತೆವು. ಮೊದಲು ಕುಟ್ರುಹಕ್ಕಿ, ಪಿಕಳಾರ ಬಂದವು. ಬಿಸಿಲು ತಗ್ಗಿದ ಮೇಲೆ ಮಂಗಟ್ಟೆಗಳು ಒಂದರ ಹಿಂದೆ ಒಂದು ಬಂದು ಇಳಿದವು. ಕೊಕ್ಕಿನ ತುದಿಯಲ್ಲಿ ಹಣ್ಣು ಕಿತ್ತು, ಮೇಲಕ್ಕೆ ಎಸೆದು, ನುಂಗುವುದನ್ನು ಎಷ್ಟು ನೋಡಿದರೂ ಸಾಕಾಗುವುದಿಲ್ಲ. ಕಾಸರಕದ ಬೀಜ ನಮಗೆ ವಿಷ, ಆದರೆ ಆ ಮರದ ಹಣ್ಣನ್ನೂ ಇವು ತಿನ್ನುತ್ತವೆ. ನುಂಗಿದ ಬೀಜವನ್ನು ದೂರ ಎಲ್ಲೋ ಉದುರಿಸುತ್ತವೆ, ಅಲ್ಲಿ ಮರ ಏಳುತ್ತದೆ. ಗೂಡಿನ ಕಾಲದಲ್ಲಿ ಹೆಣ್ಣು ದೊಡ್ಡ ಮರದ ಪೊಟರೆಯೊಳಗೆ ಸೇರಿ ಬಾಗಿಲು ಮುಚ್ಚಿಕೊಳ್ಳುತ್ತದೆ. ಒಂದು ಸಣ್ಣ ಸೀಳು ಮಾತ್ರ ಬಿಡುತ್ತದೆ. ವಾರಗಟ್ಟಲೆ ಗಂಡು ಅದರ ಮೂಲಕವೇ ಊಟ ಕೊಡಬೇಕು. ಗಂಡು ಸತ್ತರೆ ಒಳಗಿನ ಜೀವಗಳ ಗತಿ ಏನು? ಅದಕ್ಕೇ ಪೊಟರೆ ಇರುವ ಹಳೆಯ ಮರ ಕಡಿಯುವುದನ್ನು, ಫೆಬ್ರವರಿಯಿಂದ ಮೇ ತನಕ ಗೂಡಿನ ಬುಡದಲ್ಲಿ ಕ್ಯಾಮೆರಾ ಹಿಡಿದು ಗುಂಪು ಸೇರುವುದನ್ನು ಕಂಡರೆ ನನಗೆ ತಡೆಯಲು ಆಗುವುದಿಲ್ಲ. ಬಾಯಿ ಬಿಟ್ಟೇ ಹೇಳುತ್ತೇನೆ.

ಸಫಾರಿ ಬಗ್ಗೆ ಒಂದು ಮಾತು. ಕಾಳಿ ಹುಲಿ ಸಂರಕ್ಷಿತ ಪ್ರದೇಶ ಸುಮಾರು 1,300 ಚದರ ಕಿಲೋಮೀಟರ್ ಇದೆ. ದಾಂಡೇಲಿ ಅಭಯಾರಣ್ಯ ಮತ್ತು ಅಣಶಿ ರಾಷ್ಟ್ರೀಯ ಉದ್ಯಾನ ಸೇರಿ 2007ರಲ್ಲಿ ಹುಲಿ ಯೋಜನೆಗೆ ಬಂತು, 2015ರಲ್ಲಿ ಕಾಳಿ ಅಂತ ಹೆಸರಾಯಿತು. ಜೀಪ್ ಸಫಾರಿಯಲ್ಲಿ ಕಾಟಿ, ಕಡವೆ ಕಾಣಬಹುದು, ಅದೃಷ್ಟ ಇದ್ದರೆ ಕರಿಚಿರತೆಯೂ. ಆದರೆ ಹಕ್ಕಿ ನೋಡಲು ಜೀಪು ಒಳ್ಳೆಯದಲ್ಲ. ಇಂಜಿನ್ ಸದ್ದು, ಕೆಳಗೆ ಇಳಿಯುವಂತಿಲ್ಲ, ಜೊತೆಯವರಿಗೆಲ್ಲ ಹುಲಿ ಬೇಕು. ಕಾಡು ನೋಡುವ ಖುಷಿಗೆ ಒಮ್ಮೆ ಹೋಗಿ, ಸಾಕು. ವಸತಿ ಹುಡುಕುವಾಗಲೂ ಒಂದು ವಿಷಯ ಕೇಳಿಕೊಳ್ಳಿ, ರಾತ್ರಿ ಡಿಜೆ ಇದೆಯಾ ಅಂತ. ನದಿ ದಂಡೆಯ ಒಂದು ರೆಸಾರ್ಟಿನಲ್ಲಿ ನಾವು ಮಲಗಿದ್ದು ಮಧ್ಯರಾತ್ರಿ ಮೇಲೆ. ಅಂಥ ಗಲಾಟೆಯ ಪಕ್ಕ ಗೂಬೆ ಕೂಗಿದರೂ ಕೇಳುವುದು ಹೇಗೆ?

ಗಣೇಶಗುಡಿಯಲ್ಲಿ ಹೆಚ್ಚು ದಿನ ಇಟ್ಟುಕೊಳ್ಳಿ. ಬೇರೆ ಎಲ್ಲಿ ಕಡಿಮೆ ಮಾಡಿದರೂ ಇಲ್ಲಿ ಮಾಡಬೇಡಿ. ಸೂಪಾ ಅಣೆಕಟ್ಟು ಕಟ್ಟುವಾಗ ಸ್ಫೋಟಕ ಇಡುತ್ತಿದ್ದ ಜಾಗ ಈಗ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್‌ನ ವಸತಿ, ಓಲ್ಡ್ ಮ್ಯಾಗಜಿನ್ ಹೌಸ್ ಆಗಿದೆ. ಕಾಡಿನ ಮಧ್ಯೆ ಕೋಣೆಗಳು, ಎದುರಿಗೆ ಹಕ್ಕಿಗಳಿಗೆ ಅಂತ ಇಟ್ಟ ಆಳವಿಲ್ಲದ ನೀರಿನ ತೊಟ್ಟಿಗಳು. ಅದರ ಮುಂದೆ ಸದ್ದಿಲ್ಲದೆ ಕುಳಿತುಕೊಳ್ಳುವುದೇ ಇಲ್ಲಿಯ ಕೆಲಸ. ಮಧ್ಯಾಹ್ನ ಮೂರರ ಮೇಲೆ ಸ್ನಾನಕ್ಕೆ ಬರುವವರ ಸಾಲು ಶುರು. ಕೆಂಪು ಕೊರಳಿನ ಪಿಕಳಾರ ಮೊದಲು ಬರುತ್ತದೆ. ಕರಿ ತಲೆ, ಹಳದಿ ಮೈ, ಕೊರಳಲ್ಲಿ ಕೆಂಡದ ಬಣ್ಣ. ಗೋವಾದವರು ಇದನ್ನು ತಮ್ಮ ರಾಜ್ಯ ಪಕ್ಷಿ ಮಾಡಿಕೊಂಡಿದ್ದಾರೆ. ಆಮೇಲೆ ಕಿತ್ತಳೆ ತಲೆಯ ಸಿಳ್ಳಾರ, ಕಪ್ಪು ಪಟ್ಟಿಯ ನೀಲಿ ನೊಣಹಿಡುಕ, ಹಸಿರು ರೆಕ್ಕೆಯ ಬೆಳವ. ಬೆಳಕು ಕುಂದುವ ಹೊತ್ತಿಗೆ ಶಾಮ ಅನ್ನುವ ಹಕ್ಕಿ ಬರುತ್ತದೆ. ಅದಕ್ಕೆ ನಾಚಿಕೆ ಜಾಸ್ತಿ, ಬೇರೆಯವರೆಲ್ಲ ಹೋದ ಮೇಲೆ ಬಂದು ಉದ್ದ ಬಾಲ ಒದ್ದೆ ಮಾಡಿಕೊಂಡು ಹೋಗುತ್ತದೆ. ಹಿಮಾಲಯದಿಂದ ಚಳಿಗಾಲಕ್ಕೆ ಇಳಿದು ಬರುವ ನೀಲಿ ರಾಬಿನ್ ಕೂಡ ಇದೇ ಹೊತ್ತಿನದು. ಕ್ಯಾಮೆರಾದವರು ಎದ್ದು ಟೀಗೆ ಹೋಗುವ ಆ ಕೊನೆಯ ಅರ್ಧ ತಾಸನ್ನು ಬಿಡಬಾರದು. ನಮ್ಮ ಭಾವ ಅಂತೂ, "ಭಾವ, ಇಲ್ಲಿಂದ ಹೋಪದು ಬ್ಯಾಡ" ಅಂತ ಕತ್ತಲಾಗುವ ತನಕ ಕುರ್ಚಿ ಬಿಡಲಿಲ್ಲ.

ಬೆಳಿಗ್ಗೆ ಮಾತ್ರ ಗೈಡ್ ಜೊತೆ ನಡೆಯಿರಿ. ಇಲ್ಲಿಯ ಹುಡುಗರು ಹುಟ್ಟಿದ್ದೇ ಈ ಕಾಡಿನಲ್ಲಿ. ಅವರಿಗೆ ತಿಳಿದದ್ದು ಯಾವ ಪುಸ್ತಕದಲ್ಲೂ ಇಲ್ಲ. ನಮ್ಮ ಗೈಡ್ ಜೋಯಿಡಾ ಕಡೆಯವನು, ಮನೆಮಾತು ಕೊಂಕಣಿ. ಕಪ್ಪೆಬಾಯಿ ಹಕ್ಕಿ ತೋರಿಸುತ್ತೇನೆ ಅಂತ ಕರೆದುಕೊಂಡು ಹೋದ. ನಾವು ಮರದ ತುದಿ ನೋಡುತ್ತಿದ್ದೆವು. "ಸರ್, ಅಷ್ಟು ಮೇಲೆ ಬೇಡ, ಈ ಬಿದಿರು ಮೆಳೆ ಒಳಗೆ ನೋಡಿ" ಅಂದ. ನಮ್ಮ ಎತ್ತರಕ್ಕೇ, ಕೈಗೆ ಸಿಗುವಷ್ಟು ಹತ್ತಿರ, ಜೋಡಿ ಕುಳಿತಿತ್ತು. ಒಣಗಿದ ಎಲೆಯ ಹಾಗೇ. ಕಣ್ಣು ಮುಚ್ಚಿ, ಕೊಕ್ಕು ಮೇಲೆತ್ತಿ, ಅಲುಗಾಟವೇ ಇಲ್ಲ. ರಾತ್ರಿ ಹುಳ ಹಿಡಿಯುವ ಹಕ್ಕಿ ಇದು. ಒಂದೇ ಒಂದು ಮೊಟ್ಟೆ ಇಡುತ್ತದೆ, ಹಗಲು ಕಾವು ಕೂರುವುದು ಗಂಡು. ಎರಡು ನಿಮಿಷ ನೋಡಿ, ಫ್ಲ್ಯಾಶ್ ಇಲ್ಲದೆ ಒಂದು ಫೋಟೊ ತೆಗೆದು ಹಿಂದೆ ಸರಿದೆವು. ಗೈಡ್ ಅದನ್ನೇ ಬಯಸಿದ್ದ. ಹೆಚ್ಚು ಜನ ಹೆಚ್ಚು ಹೊತ್ತು ನಿಂತರೆ ಅದು ಜಾಗ ಬಿಡುತ್ತದೆ ಅಂದ.

ಕಾಳಿ ನದಿಯ ಅಂಚಿಗೆ ನೀಲಿ ಕಿವಿಯ ಮಿಂಚುಳ್ಳಿಯನ್ನೂ ಹುಡುಕಿ. ಸಾಮಾನ್ಯ ಮಿಂಚುಳ್ಳಿಯ ಕಿವಿಯ ಬಳಿ ಕೇಸರಿ ಮಚ್ಚೆ ಇರುತ್ತದೆ, ಇದಕ್ಕೆ ಅಲ್ಲೂ ನೀಲಿ. ಮೈಯ ನೀಲಿಯೂ ಗಾಢ. ನೀರಿನ ಮೇಲೆ ಬಾಗಿದ ಕೊಂಬೆಯ ನೆರಳಿನಲ್ಲಿ ಕೂರುವುದು ಇದಕ್ಕೆ ಇಷ್ಟ.

ಗಣೇಶಗುಡಿಯಿಂದ ಜೋಯಿಡಾ, ಅಣಶಿ, ಕದ್ರಾ ಮೇಲೆ ಕಾರವಾರ. ಘಟ್ಟದ ರಸ್ತೆ ಕಿರಿದು, ತಿರುವು ಜಾಸ್ತಿ. ಇಲ್ಲಿ ಹಕ್ಕಿಗಳು ಬೆರಕೆ ಗುಂಪು ಕಟ್ಟಿಕೊಂಡು ತಿರುಗುತ್ತವೆ. ಅರ್ಧ ತಾಸು ಒಂದೂ ಇಲ್ಲ, ಇದ್ದಕ್ಕಿದ್ದಂತೆ ಮರಕುಟಿಗ, ಕಾಜಾಣ, ಕೆಂಪು ಚಿತ್ರಪಕ್ಷಿ ಎಲ್ಲ ಒಟ್ಟಿಗೆ. ಕಾಜಾಣದ ಜಾತಿಯ ಭೀಮರಾಜನ ಕೂಗು ಕೇಳಿದರೆ ಕಾರು ಬದಿಗೆ ಹಾಕಿ, ಅದರ ಹತ್ತಿರ ಗುಂಪು ಇರುವ ಸಂಭವ ಹೆಚ್ಚು. ತಿರುವಿನಲ್ಲಿ ಮಾತ್ರ ನಿಲ್ಲಿಸಬೇಡಿ.

ಕಾರವಾರದಲ್ಲಿ ಅದೇ ಕಾಳಿ ಸಮುದ್ರ ಸೇರುತ್ತದೆ. ಮೇಲೆ ಮಂಗಟ್ಟೆ ಕುಳಿತ ಮರದ ಕೆಳಗೆ ಹರಿದ ನೀರು ಇಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರು ತೊಳೆಯುತ್ತದೆ. ಬಿಳಿ ಹೊಟ್ಟೆಯ ಕಡಲ ಹದ್ದು, ಗರುಡ, ಚಳಿಗಾಲಕ್ಕೆ ಬರುವ ಕಂದು ತಲೆಯ ಕಡಲಕ್ಕಿ ಸುಲಭವಾಗಿ ಸಿಗುತ್ತವೆ. ಆದರೆ ಕರಾವಳಿಯ ಅಸಲಿ ಜಾಗ ನನ್ನ ಮಟ್ಟಿಗೆ ಕುಮಟಾ ಹತ್ತಿರದ ಅಘನಾಶಿನಿ ಅಳಿವೆ, ನದಿ ಸಮುದ್ರ ಸೇರುವ ಜಾಗ. ಅಣೆಕಟ್ಟಿಲ್ಲದೆ ಹರಿದು ಬರುವ ನದಿ ಇದು. 2024ರ ಜನವರಿಯಲ್ಲಿ ಅಳಿವೆ ರಾಮ್ಸಾರ್ ಪಟ್ಟಿಗೂ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೂ ಸೇರಿತು. ಇಳಿತದಲ್ಲಿ ವಿಶಾಲವಾದ ಕೆಸರು ಬಯಲು ತೆರೆದುಕೊಳ್ಳುತ್ತದೆ. ಆ ಕೆಸರಿನಲ್ಲಿ ಹುಳ, ಏಡಿ, ಬಳಚು ಅನ್ನುವ ಚಿಪ್ಪುಜೀವಿ. ಹಕ್ಕಿಗೂ ಊಟ, ಊರಿಗೂ ಊಟ. ಉದ್ದ ಬಾಗಿದ ಕೊಕ್ಕಿನ ಕರ್ಲ್ಯೂ ಆಳಕ್ಕೆ ಚುಚ್ಚುತ್ತದೆ, ಗಿಡ್ಡ ಕೊಕ್ಕಿನ ಪ್ಲೋವರ್ ಮೇಲೆ ಕಂಡದ್ದನ್ನು ಓಡಿ ಹೆಕ್ಕುತ್ತದೆ. ಒಂದೇ ಕೆಸರಿನಲ್ಲಿ ಜಗಳವಿಲ್ಲದೆ ಎಲ್ಲಕ್ಕೂ ಪಾಲು.

ಇಳಿತದ ಲೆಕ್ಕ ಗೊತ್ತಿರಬೇಕು. ದಿನಕ್ಕೆ ಎರಡು ಬಾರಿ ಇಳಿಯುತ್ತದೆ, ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಪೂರ್ತಿ ಇಳಿದಾಗ ಹಕ್ಕಿ ದೂರ ಹರಡಿ ಚುಕ್ಕೆಗಳಾಗಿ ಕಾಣುತ್ತವೆ. ಬಳಚು ಹೆಕ್ಕುತ್ತಿದ್ದ ಒಬ್ಬ ಅಜ್ಜಿ ನಮ್ಮನ್ನು ನೋಡಿ, "ತಮ್ಮಾ, ಈಗ ಯಂತಕ್ಕೆ ಆಚೆ ನೋಡ್ತ್ರಿ? ನೀರ್ ಏರೂಕೆ ಶುರು ಆದ್ರೆ ಎಲ್ಲ ಈ ಬದಿಗೇ ಬತ್ತವೆ" ಅಂದರು. ಹಾಗೇ ಆಯಿತು. ನೀರು ಏರಿದಂತೆ ಕೆಸರು ಕಿರಿದಾಗಿ, ಹಕ್ಕಿಗಳೆಲ್ಲ ನಾವು ಕುಳಿತ ದಂಡೆಯ ಹತ್ತಿರ ಒತ್ತಾಗಿ ಬಂದವು. ಹಾಗಾಗಿ ಇಳಿತ ಮುಗಿದು ಭರತ ಶುರುವಾಗುವ ಹೊತ್ತಿಗೆ ಅಲ್ಲಿರಿ. ಉಪ್ಪುನೀರು ತಡೆಯುವ ಕಗ್ಗದ ಭತ್ತ ಕೊಯ್ದ ಗಜನಿ (ಅಳಿವೆ ಬದಿಯ ಉಪ್ಪುನೀರಿನ) ಗದ್ದೆಗಳನ್ನೂ ಬಿಡಬೇಡಿ, ಬೆಳ್ಳಕ್ಕಿ, ಗದ್ದೆಗೊರವ ಅಲ್ಲಿ ತುಂಬಿರುತ್ತವೆ. ಬದುವಿನ ಮೇಲೆ ಮಾತ್ರ ನಡೆಯಿರಿ, ಗದ್ದೆಯವರನ್ನು ಒಂದು ಮಾತು ಕೇಳಿ.

ಒಂದು ಜಾಗ ಈ ಸುತ್ತಿಗೆ ಸೇರುವುದಿಲ್ಲ, ಅದಕ್ಕೆ ಮಳೆಗಾಲ ಬೇಕು. ಸೋಂದಾದ ಮುಂಡಿಗೆಕೆರೆ. ಕೆರೆ ತುಂಬಾ ಕೇದಿಗೆ ಜಾತಿಯ ಮುಂಡಿಗೆ ಗಿಡ, ಮಳೆ ಹಿಡಿಯುವ ಹೊತ್ತಿಗೆ ಬೆಳ್ಳಕ್ಕಿ, ನೀರುಕಾಗೆ, ಕೆಂಬರಲು ಬಂದು ಅದರ ಮೇಲೆ ಗೂಡು ಕಟ್ಟುತ್ತವೆ. ಶಿರಸಿಯಿಂದ ಅರ್ಧ ದಿನದ ಕೆಲಸ. ಜುಲೈ, ಆಗಸ್ಟ್‌ನಲ್ಲಿ ಮರಿಗಳ ಗದ್ದಲ ಜೋರು. ಕೊಡೆ ಹಿಡಿದು, ದಂಡೆಯಿಂದಲೇ ನೋಡಿ. ಕಾಲಿಗೆ ಉಂಬಳದ ಸಾಕ್ಸ್ ಹಾಕಿಕೊಂಡು ಹೋಗಿ.