ವಿಆರ್ ಕೋಣೆಗೆ ಡೇಟಾ ತರುವ ಮುಂಚೆ

ಸಂಶೋಧಕರು ಬಳಸುವ ವಿಆರ್ (ವರ್ಚುವಲ್ ರಿಯಾಲಿಟಿ) ಕೋಣೆಯೊಂದನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮೂರು ಗೋಡೆ, ಒಂದು ನೆಲ, ನಾಲ್ಕರ ಮೇಲೂ ಪ್ರೊಜೆಕ್ಟರ್ ಚಿತ್ರ. ಇಂಥ ಕೋಣೆಗೆ 'ಕೇವ್' ಅನ್ನುತ್ತಾರೆ. ಶಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯದವರು 1992ರಲ್ಲಿ ಮೊದಲು ಜನರಿಗೆ ತೋರಿಸಿದ್ದು.

ಬರುವಾಗ ಒಂದು ಪ್ರಶ್ನೆ ಇಟ್ಟುಕೊಂಡು ಬನ್ನಿ. "ಸುಮ್ನೆ ದೊಡ್ಡದಾಗಿ ನೋಡೋಣ" ಅಂತ ಬಂದವರು ಹತ್ತು ನಿಮಿಷಕ್ಕೆ "ಚೆನ್ನಾಗಿದೆ" ಅಂತ ಹೊರಡುತ್ತಾರೆ. "ಈ ಪ್ರೋಟೀನಿನ ಗುಳಿಯೊಳಗೆ ಔಷಧದ ಅಣು ಯಾವ ಕಡೆಯಿಂದ ಇಳಿಯುತ್ತದೆ?" ಅಂತ ಬಂದವರು ಮಂಡಿಯೂರಿ ಇಣುಕುತ್ತಾರೆ. ಬರೀ ಗ್ರಾಫ್ ನೋಡಲು ಮಾನಿಟರ್ ಸಾಕು.

ಆಮೇಲೆ ಡೇಟಾ ಹಗುರ ಮಾಡಿ. ಒಂದೊಂದು ಕಣ್ಣಿಗೂ ಬೇರೆ ಚಿತ್ರ ಬೇಕು, ಅಂದರೆ ನಾಲ್ಕು ಪರದೆಗೆ ಪ್ರತಿ ಸಲ ಎಂಟು ಚಿತ್ರ. ನಿಮ್ಮ ಮೇಜಿನ ಮೇಲೆ ಸಲೀಸಾಗಿ ತಿರುಗುವ ಮಾದರಿ ಇಲ್ಲಿ ಮುಗ್ಗರಿಸುತ್ತದೆ. ಒಮ್ಮೆ ನಾನೇ ಸೋಮಾರಿತನದಿಂದ ಒಂದು ಸ್ಕ್ಯಾನನ್ನು ಹಾಗೇ ಹಾಕಿದ್ದೆ. ತಲೆ ತಿರುಗಿಸಿದೆ, ಚಿತ್ರ ಸ್ವಲ್ಪ ತಡವಾಗಿ ತಿರುಗಿತು. ಹೊಟ್ಟೆ ತೊಳೆಸಿ ನೆಲದ ಮೇಲೇ ಕೂತುಬಿಟ್ಟೆ. ಈಗ ಬೇಡದ ಭಾಗ ಕತ್ತರಿಸಿ, ಮಾದರಿಯ ಮೇಲ್ಮೈಯನ್ನು ಕಟ್ಟುವ ಪುಟ್ಟ ತ್ರಿಕೋನಗಳ ಸಂಖ್ಯೆ ಇಳಿಸದೆ ಯಾವುದನ್ನೂ ಹಾಕುವುದಿಲ್ಲ.

ಅಳತೆಯ ಮಾನವನ್ನೂ ನೋಡಿಕೊಳ್ಳಿ. ಪ್ರೋಟೀನಿನ ರಚನೆಯನ್ನು ಬರೆದಿಡುವ ಪಿಡಿಬಿ ಕಡತದ ಸಂಖ್ಯೆಗಳು ಆಂಗ್‌ಸ್ಟ್ರಮ್‌ನಲ್ಲಿ (ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಪಾಲು) ಇರುತ್ತವೆ. ಸಾಫ್ಟ್‌ವೇರ್ ಅದನ್ನೇ ಮೀಟರ್ ಅಂದುಕೊಂಡರೆ 50 ಆಂಗ್‌ಸ್ಟ್ರಮ್ ಪ್ರೋಟೀನ್ 50 ಮೀಟರ್ ಆಗುತ್ತದೆ. ನೀವು ಎಲ್ಲೋ ಒಂದು ಅಣುವಿನ ಹೊಟ್ಟೆಯಲ್ಲಿ ನಿಂತು "ಏನೂ ಕಾಣ್ತಿಲ್ಲ" ಅಂತೀರಿ!

ಚಪ್ಪಲಿ, ಶೂ ಹೊರಗೆ ಬಿಡಿ. ನೆಲವೂ ಪರದೆಯೇ ಅಲ್ವಾ?

ಇನ್ನು ಇಲ್ಲಿ ಹಾಕಿಕೊಳ್ಳುವ 3ಡಿ ಕನ್ನಡಕ. ನಮ್ಮಲ್ಲಿ ಒಂದೇ ಕನ್ನಡಕದ ಚಲನೆಯನ್ನು ಕೋಣೆ ಗುರುತಿಸುತ್ತದೆ. ಚಿತ್ರ ಸರಿಯಾಗಿ ಕಾಣುವುದು ಅದನ್ನು ಹಾಕಿದವರಿಗೆ ಮಾತ್ರ, ಉಳಿದವರಿಗೆ ಸೊಟ್ಟ. ಆದರೂ ಅದು ಯಾವಾಗಲೂ ಸಂಶೋಧನೆಯ ಗೈಡ್ ಮೂಗಿನ ಮೇಲೇ ಇರುತ್ತದೆ. ಪಕ್ಕದಲ್ಲಿ ನಿಂತ ವಿದ್ಯಾರ್ಥಿ "ಅಲ್ಲಿ ಸಂದು ಇಲ್ಲ ಸರ್" ಅನ್ನುತ್ತಾನೆ, ಅವರು "ಇದೆಯಲ್ಲಪ್ಪಾ" ಅನ್ನುತ್ತಾರೆ. ನಾನು ಮಧ್ಯೆ ಹೋಗಿ ಕನ್ನಡಕ ಬದಲಾಯಿಸುತ್ತೇನೆ. ಪ್ರಶ್ನೆ ಯಾರದ್ದೋ ಅವರೇ ಮೊದಲು ಹಾಕಿಕೊಳ್ಳಲಿ. ಉಳಿದವರು ಅವರ ಬೆನ್ನ ಹಿಂದೆ ಒತ್ತಾಗಿ ನಿಂತು, ಅವರು ನೋಡುವ ಕಡೆಗೇ ನೋಡಲಿ.

ಕತ್ತಲಲ್ಲಿ ಬರೆಯಲು ಆಗುವುದಿಲ್ಲ. ಕಂಡದ್ದನ್ನು ಬಾಯಲ್ಲಿ ಹೇಳಿ ರೆಕಾರ್ಡ್ ಮಾಡಿ, ನಿಂತ ಜಾಗವನ್ನು ಸೇವ್ ಮಾಡಿ. ಮೇಜಿಗೆ ಮರಳಿದ ಮೇಲೆ ಅದೇ ಜಾಗ ತೆರೆದು, ಹತ್ತಿರ ಅನಿಸಿದ ಎರಡು ಪರಮಾಣುಗಳ ನಡುವೆ ನಿಜಕ್ಕೂ ಎಷ್ಟು ದೂರವಿದೆ ಅಂತ ಅಳೆಯಿರಿ.