ಉದ್ಯಾನವನ್ನು ಅಡ್ಡ ಸೀಳಿ ನೋಡಿ

ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್ (ಉದ್ಯಾನ, ಬಯಲುಗಳ ವಿನ್ಯಾಸ) ಓದಲು ಸೇರಿದ ವರ್ಷ ನನ್ನ ಫೋನ್ ತುಂಬಾ ಉದ್ಯಾನಗಳ ಫೋಟೋ ಇದ್ದವು. ಕೊಳ, ಬಳ್ಳಿ ಚಪ್ಪರ, ಬಳಸಿ ಹೋಗುವ ಕಾಲುದಾರಿ. ಎಲ್ಲವನ್ನೂ ಒಂದೇ ಪ್ಲಾನ್‌ನಲ್ಲಿ, ಅಂದರೆ ಮೇಲಿನಿಂದ ನೋಡಿದಂತೆ ಬರೆಯುವ ನಕ್ಷೆಯಲ್ಲಿ ಸೇರಿಸಿ, ಚೆನ್ನಾಗಿ ಬಣ್ಣ ಹಚ್ಚಿ ಕೊಟ್ಟಿದ್ದೆ. ಮೇಷ್ಟ್ರು ಕೇಳಿದ್ದು ಒಂದೇ ಪ್ರಶ್ನೆ: "ಮಳೆ ಬಂದರೆ ಈ ನೀರು ಎಲ್ಲಿಗೆ ಹೋಗುತ್ತೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ನೆಲವನ್ನು ನಾನು ಬರೀ ಮೇಲಿನಿಂದ ನೋಡಿದ್ದೆ.

ಹಾಗಾಗಿ ಹೊಸದಾಗಿ ಸೇರುವವರಿಗೆ ನಾನು ಹೇಳುವುದು ಇಷ್ಟೇ: ಸೆಕ್ಷನ್ ಬರೆಯಿರಿ, ಅಂದರೆ ನೆಲವನ್ನು ಅಡ್ಡ ಸೀಳಿ ಪಕ್ಕದಿಂದ ನೋಡಿದಂಥ ಚಿತ್ರ. ಹಣ್ಣು ಹೆಚ್ಚಿ ಒಳಗೆ ನೋಡುತ್ತೇವಲ್ವಾ, ಹಾಗೆ.

ಹತ್ತಿರದ ಯಾವುದಾದರೂ ಪಾರ್ಕ್ ಸಾಕು. ಟೇಪು, ಪೆನ್ಸಿಲ್, ಗ್ರಾಫ್ ಹಾಳೆ ಇರಲಿ. ಮೊದಲು 10 ಮೀಟರ್ ಅಳೆದು, ಅದಕ್ಕೆ ನಿಮ್ಮ ಹೆಜ್ಜೆ ಎಷ್ಟು ಬೇಕು ಎಂದು ಎಣಿಸಿಕೊಳ್ಳಿ. ಆಮೇಲೆ ಸುಮ್ನೆ ಅಡ್ಡಾಡಿ. ಎಲ್ಲಿ ಕೂರಬೇಕು ಅನ್ನಿಸಿತೋ ಆ ಬೆಂಚಿಗೆ ಗೇಟಿನಿಂದ ನೇರ ಗೆರೆ ಎಳೆದುಕೊಂಡು ಹೆಜ್ಜೆ ಹಾಕಿ. ನೆಲ ಏರಿದ, ಇಳಿದ ಜಾಗವೆಲ್ಲ ಗುರುತಾಗಬೇಕು. ಮೆಟ್ಟಿಲಿದ್ದರೆ ಒಂದನ್ನು ಅಳೆದು ಉಳಿದವನ್ನು ಎಣಿಸಿ. ಮರದ ಪಕ್ಕ ಗೆಳತಿಯನ್ನು ನಿಲ್ಲಿಸಿದರೆ, ಮರ ಅವಳ ಎಷ್ಟು ಪಟ್ಟು ಎತ್ತರ ಎಂದು ಗೊತ್ತಾಗುತ್ತದೆ. 1:100 ಅಳತೆಯಲ್ಲಿ ಬರೆಯಿರಿ. ಹಾಳೆಯ 1 ಸೆಂಟಿಮೀಟರ್ ಅಂದರೆ ನೆಲದ 1 ಮೀಟರ್.

ಕೊನೆಗೆ ಬೆಂಚಿನ ಮೇಲೆ ಒಬ್ಬ ಮನುಷ್ಯನನ್ನು ಬರೆದು, ಅವನ ಕಣ್ಣಿನಿಂದ ಗೆರೆಗಳನ್ನು ಎಳೆಯಿರಿ. ಯಾವುದು ಕಾಣುತ್ತದೆ, ಯಾವುದು ಮರೆಯಾಗಿದೆ? ಆ ಬೆಂಚು ನಿಮ್ಮನ್ನು ಯಾಕೆ ಕರೆಯಿತು ಅನ್ನುವುದು ಅಲ್ಲಿ ಸಿಗುತ್ತದೆ. ಬೆನ್ನಿಗೆ ಪೊದೆ, ತಲೆಯ ಮೇಲೆ ಕೊಂಬೆ, ಮುಂದೆ ಬಯಲು. ನನ್ನ ಹತ್ತಾರು ಹಾಳೆಗಳಲ್ಲಿ ಜಾಸ್ತಿ ಬಂದದ್ದು ಇದೇ.

ಈ ಅಭ್ಯಾಸ ಆದಮೇಲೆ ಹೆಸರಾದ ಉದ್ಯಾನಗಳೂ ಬೇರೆಯಾಗಿಯೇ ಕಾಣುತ್ತವೆ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ತೆಗೆದುಕೊಳ್ಳಿ. ಅದರ ವಿನ್ಯಾಸಕ್ಕಾಗಿ ನಡೆದ 1858ರ ಸ್ಪರ್ಧೆಯಲ್ಲಿ ಗೆದ್ದ ಓಮ್‌ಸ್ಟೆಡ್ ಮತ್ತು ವಾಕ್ಸ್, ಪಾರ್ಕನ್ನು ಅಡ್ಡ ದಾಟುವ ನಾಲ್ಕು ರಸ್ತೆಗಳನ್ನು ನೆಲಮಟ್ಟಕ್ಕಿಂತ ಕೆಳಗಿಳಿಸಿದರು. ಪ್ಲಾನ್‌ನಲ್ಲಿ ಅವು ಪಾರ್ಕನ್ನು ತುಂಡು ಮಾಡಿದಂತೆ ಕಾಣುತ್ತವೆ. ಸೆಕ್ಷನ್ ನೋಡಿದರೆ, ಗಾಡಿಗಳು ಕೆಳಗೆ, ನಡೆಯುವವರು ಮೇಲೆ. ಇಂಗ್ಲೆಂಡಿನ ಹಳೆಯ ಉದ್ಯಾನಗಳ ಹಾ-ಹಾ ಕೂಡ ಇಂಥದೇ. ಬೇಲಿಯ ಬದಲು ಒಂದು ಕಡೆ ಗೋಡೆ ಇರುವ ತಗ್ಗು. ದನಗಳು ಒಳಗೆ ಬರುವುದಿಲ್ಲ, ನೋಟಕ್ಕೂ ಅಡ್ಡಿಯಿಲ್ಲ. ಕ್ಯೋಟೋದ ರ್‍ಯೋಆನ್‌ಜಿ ದೇವಾಲಯದ ಉದ್ಯಾನದಲ್ಲಿ 15 ಕಲ್ಲುಗಳಿವೆ. ಜಗಲಿಯ ಮೇಲೆ ಎಲ್ಲಿ ಕೂತರೂ ಒಂದಾದರೂ ಮರೆಯಾಗಿಯೇ ಇರುತ್ತದೆ!

ನೋಡಿದ್ದನ್ನು ನಿಮ್ಮ ಕೆಲಸಕ್ಕೆ ತರುವಾಗ ಆಕಾರ ಎತ್ತಿಕೊಳ್ಳಬೇಡಿ. "ದುಂಡು ಕೊಳ" ಎಂದು ಬರೆದಿಟ್ಟರೆ ನಿಮಗೆ ಸಿಗುವುದು ದುಂಡು ಕೊಳವೇ. "ಮೊದಲು ನೀರಿನ ಸದ್ದು, ಆಮೇಲೆ ನೀರು" ಎಂದು ಬರೆದುಕೊಂಡರೆ ಎಂಥ ಜಾಗದಲ್ಲೂ ಉಪಯೋಗಕ್ಕೆ ಬರುತ್ತದೆ.

ಎರಡು ಲೆಕ್ಕ ಬಾಯಿಗೆ ಬರಲಿ. ಹೊರಗಿನ ಮೆಟ್ಟಿಲಿಗೆ 15 ಸೆಂಟಿಮೀಟರ್ ಎತ್ತರ, 35 ಅಗಲ ಇದ್ದರೆ ಕಾಲಿಗೆ ಹಿತ. ಕಲ್ಲು ಹಾಸಿದ ನೆಲಕ್ಕೆ ಮೀಟರ್‌ಗೆ 2 ಸೆಂಟಿಮೀಟರ್ ಇಳಿಜಾರು ಇದ್ದರೆ ನೀರು ನಿಲ್ಲುವುದಿಲ್ಲ.

ಮಳೆ ನಿಂತ ತಕ್ಷಣ ಅದೇ ಪಾರ್ಕಿಗೆ ಇನ್ನೊಮ್ಮೆ ಹೋಗಿ. ಎಲ್ಲೆಲ್ಲಿ ನೀರು ನಿಂತಿದೆಯೋ ಅದನ್ನು ನಿಮ್ಮ ಸೆಕ್ಷನ್ ಮೇಲೆ ನೀಲಿ ಪೆನ್ಸಿಲ್‌ನಲ್ಲಿ ಗುರುತಿಸಿ.