ಮುಂದಿನ ಆಡಿಯೊ ಜ್ಯಾಕ್‌ನಲ್ಲಿ ಸದ್ದಿಲ್ವಾ? ಮೊದಲು ಕ್ಯಾಬಿನೆಟ್ ಬಿಚ್ಚಿ

ಕಂಪ್ಯೂಟರಿನ ಹಿಂದೆ ಹೆಡ್‌ಫೋನ್ ಸಿಕ್ಕಿಸಿದರೆ ಸದ್ದು ಬರುತ್ತದೆ, ಮುಂದೆ ಸಿಕ್ಕಿಸಿದರೆ ಇಲ್ಲ. ಹೀಗಾದಾಗ ಎಲ್ಲರೂ ಡ್ರೈವರ್ (ಆಡಿಯೊ ಭಾಗವನ್ನು ನಡೆಸುವ ಸಾಫ್ಟ್‌ವೇರ್) ಹಿಂದೆ ಬೀಳುತ್ತಾರೆ. ತೆಗೆಯುತ್ತಾರೆ, ಮತ್ತೆ ಹಾಕುತ್ತಾರೆ, ಕೊನೆಗೆ ವಿಂಡೋಸನ್ನೇ ಹೊಸದಾಗಿ ಇನ್‌ಸ್ಟಾಲ್ ಮಾಡುತ್ತಾರೆ. ಒಳಗೆ ನೋಡಿದರೆ ಕೇಬಲ್ಲೇ ಸಿಕ್ಕಿಸಿರುವುದಿಲ್ಲ! ಹಿಂದಿನ ಜ್ಯಾಕ್‌ಗಳು ಮದರ್‌ಬೋರ್ಡಿನಲ್ಲೇ, ಅಂದರೆ ಒಳಗಿನ ಮುಖ್ಯ ಬೋರ್ಡಿನಲ್ಲೇ, ಇರುತ್ತವೆ. ಮುಂದಿನವು ಇರುವುದು ಕ್ಯಾಬಿನೆಟ್‌ನಲ್ಲಿ. ಎರಡನ್ನೂ ಸೇರಿಸುವ ಕೇಬಲ್ಲನ್ನು ಯಾರಾದರೂ ಕೈಯಾರೆ ಸಿಕ್ಕಿಸಲೇಬೇಕು.

ಹಂತ 1: ಕಂಪ್ಯೂಟರ್ ಆಫ್ ಮಾಡಿ, ಪವರ್ ಕೇಬಲ್ ಕಿತ್ತು, ಮೈಮೇಲಿನ ಸ್ಥಿರ ವಿದ್ಯುತ್ ಹೋಗಲು ಕ್ಯಾಬಿನೆಟ್‌ನ ಲೋಹದ ಭಾಗ ಮುಟ್ಟಿ, ಪಕ್ಕದ ಬಾಗಿಲು ತೆಗೆಯಿರಿ.

ಹಂತ 2: ಮುಂದಿನ ಜ್ಯಾಕ್‌ಗಳಿಂದ ಬರುವ ತೆಳು ಕೇಬಲ್ ಹುಡುಕಿ. ತುದಿಯ ಪ್ಲಗ್ ಮೇಲೆ ‘ಎಚ್‌ಡಿ ಆಡಿಯೊ’ ಎಂದು ಬರೆದಿರುತ್ತದೆ. ಹಳೆಯ ಕ್ಯಾಬಿನೆಟ್‌ಗಳಲ್ಲಿ ಅದೇ ಕೇಬಲ್ಲಿಗೆ ‘ಎಸಿ97’ ಎಂಬ ಇನ್ನೊಂದು ಪ್ಲಗ್ಗೂ ಇರುತ್ತದೆ. ಅದನ್ನು ಸುಮ್ನೆ ಬಿಟ್ಟುಬಿಡಿ. ಅದು ಹಳೆಯ ಪದ್ಧತಿ. ಹೆಡ್‌ಫೋನ್ ಸಿಕ್ಕಿಸಿದ್ದು ಕಂಪ್ಯೂಟರಿಗೆ ಗೊತ್ತಾಗಲು ಬೇಕಾದ ವೈರುಗಳು ಅದರಲ್ಲಿ ಇರುವುದಿಲ್ಲ.

ಹಂತ 3: ಜನ ಎಡವುವುದು ಇಲ್ಲೇ, ನಿಧಾನವಾಗಿ ಓದಿ. ಪ್ಲಗ್ ಕೂರುವ ಜಾಗ ಸಾಮಾನ್ಯವಾಗಿ ಮದರ್‌ಬೋರ್ಡಿನ ಕೆಳ ಅಂಚಿನಲ್ಲಿ, ಹಿಂಬದಿಗೆ ಹತ್ತಿರದ ಮೂಲೆಯಲ್ಲಿರುತ್ತದೆ. ಹೆಸರು ಮಾತ್ರ ಕಂಪನಿಗೊಂದು: ಏಸುಸ್ ಬೋರ್ಡಿನಲ್ಲಿ ‘ಎಎಎಫ್‌ಪಿ’, ಗಿಗಾಬೈಟ್‌ನಲ್ಲಿ ‘ಎಫ್ ಆಡಿಯೊ’, ಎಂಎಸ್‌ಐನಲ್ಲಿ ‘ಜೆಎಯುಡಿ1’. ಅದೇ ಅಂಚಿನಲ್ಲಿ ಯುಎಸ್‌ಬಿ 2.0 ಪಿನ್‌ಗಳೂ ಇರುತ್ತವೆ. ಎರಡರಲ್ಲೂ ಐದೈದರ ಎರಡು ಸಾಲು, ಎರಡರಲ್ಲೂ 9 ಪಿನ್. ಮೋಸ ಹೋಗುವುದು ಸುಲಭ ಅಲ್ವಾ? ಖಾಲಿ ಜಾಗ ಎಲ್ಲಿದೆ ನೋಡಿ. ಯುಎಸ್‌ಬಿಯಲ್ಲಿ ಮೂಲೆಯ ಪಿನ್ ಇರುವುದಿಲ್ಲ. ಆಡಿಯೊದಲ್ಲಿ 8ನೇ ಪಿನ್ ಇರುವುದಿಲ್ಲ, ಅಂದರೆ ಖಾಲಿ ಜಾಗ ತುದಿಯಿಂದ ಎರಡನೆಯದು. ಪ್ಲಗ್‌ನಲ್ಲೂ ಅದೇ ತೂತು ಮುಚ್ಚಿರುತ್ತದೆ. ಮುಚ್ಚಿದ ತೂತು ಖಾಲಿ ಜಾಗದ ಎದುರು ಬರುವಂತೆ ಹಿಡಿದು ನೇರವಾಗಿ ಒತ್ತಿ. ಸರಿಯಿದ್ದರೆ ಹಗುರವಾಗಿ ಕೂರುತ್ತದೆ. ಕೂರದಿದ್ದರೆ ಬಲ ಹಾಕಲೇಬೇಡಿ, ಪಿನ್ ಬಾಗುತ್ತದೆ. ಕೈಯಲ್ಲಿ ಟಾರ್ಚ್ ಇರಲಿ. ಬೋರ್ಡಿನ ಅಕ್ಷರಗಳು ಅಷ್ಟು ಚಿಕ್ಕವು.

ಕೇಬಲ್ ಮೋಟಾಗಿ ಮೂಲೆ ಮುಟ್ಟದಿದ್ದರೆ ಎಳೆಯಬೇಡಿ. ಇದಕ್ಕೆಂದೇ ಎಕ್ಸ್‌ಟೆನ್ಶನ್ ಸಿಗುತ್ತದೆ.

ಹಂತ 4: ಕಂಪ್ಯೂಟರ್ ಆನ್ ಮಾಡಿ ಬಯಾಸ್‌ಗೆ (ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್ಸ್) ಹೋಗಿ. ಎಚ್‌ಡಿ ಆಡಿಯೊ ‘ಎನೇಬಲ್ಡ್’ ಇರಲಿ. ‘ಫ್ರಂಟ್ ಪ್ಯಾನೆಲ್ ಟೈಪ್’ ಎಂಬ ಆಯ್ಕೆ ಕಂಡರೆ ‘ಎಚ್‌ಡಿ’ ಮಾಡಿ.

ಹಂತ 5: ವಿಂಡೋಸ್‌ನ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಔಟ್‌ಪುಟ್ ನೋಡಿ. ಎಷ್ಟೋ ಸಲ ಅಲ್ಲಿ ಎಚ್‌ಡಿಎಂಐ ಮಾನಿಟರ್ ಆಯ್ಕೆಯಾಗಿರುತ್ತದೆ. ಡ್ರೈವರ್ ಬೇಕೇ ಬೇಕು ಅನಿಸಿದರೆ ಮದರ್‌ಬೋರ್ಡ್ ಕಂಪನಿಯ ತಾಣದಿಂದ ಮಾತ್ರ ಇಳಿಸಿಕೊಳ್ಳಿ. ‘ಎಲ್ಲ ಡ್ರೈವರ್ ಒಂದೇ ಕ್ಲಿಕ್‌ನಲ್ಲಿ’ ಎನ್ನುವ ಸಾಫ್ಟ್‌ವೇರ್‌ಗಳ ಸಹವಾಸ ಬೇಡ. ಬೇಡದ ಪ್ರೋಗ್ರಾಂಗಳನ್ನು ತುಂಬುತ್ತವೆ, ಕೆಲವೊಮ್ಮೆ ಬೇರೆ ಬೋರ್ಡಿನ ಡ್ರೈವರನ್ನೇ ಹಾಕುತ್ತವೆ.

ಕ್ಯಾಬಿನೆಟ್‌ನಲ್ಲಿ ಎಸಿ97 ಪ್ಲಗ್ ಮಾತ್ರ ಇದ್ದರೆ ಅದನ್ನೇ ಸಿಕ್ಕಿಸಿ, ರಿಯಲ್‌ಟೆಕ್ ಆಡಿಯೊ ಪ್ರೋಗ್ರಾಂನಲ್ಲಿ ‘ಡಿಸೇಬಲ್ ಫ್ರಂಟ್ ಪ್ಯಾನೆಲ್ ಜ್ಯಾಕ್ ಡಿಟೆಕ್ಷನ್’ ಎಂಬುದಕ್ಕೆ ಟಿಕ್ ಹಾಕಿ. ಸದ್ದು ಬರುತ್ತದೆ, ಆದರೆ ಹೆಡ್‌ಫೋನ್ ಸಿಕ್ಕಿಸಿದಾಗ ಸ್ಪೀಕರ್ ತಾನಾಗಿ ನಿಲ್ಲುವುದಿಲ್ಲ.

ಮೊಬೈಲಿನ ಒಂದೇ ಪ್ಲಗ್ಗಿನ ಹೆಡ್‌ಸೆಟ್‌ನಲ್ಲಿ ಸದ್ದು ಬಂದು ಮೈಕ್ ಮಾತ್ರ ಸುಮ್ಮನಿದ್ದರೆ ಜ್ಯಾಕ್ ಕೆಟ್ಟಿದೆ ಅಂದುಕೊಳ್ಳಬೇಡಿ. ಮುಂದೆ ಹೆಡ್‌ಫೋನ್‌ಗೊಂದು, ಮೈಕ್‌ಗೊಂದು ಜ್ಯಾಕ್ ಇದ್ದರೆ ಪ್ಲಗ್ಗನ್ನು ಎರಡಾಗಿಸುವ ಸ್ಪ್ಲಿಟರ್ ಬೇಕು.

ಇಷ್ಟಾದರೂ ಸದ್ದಿಲ್ಲ ಎಂದರೆ ಜ್ಯಾಕೇ ಸವೆದಿರಬಹುದು. ಅದಕ್ಕೆ ಬೆಸುಗೆ ಹಾಕಲು ಕೂರಬೇಡಿ. ಹಿಂದಿನ ಹಸಿರು ಜ್ಯಾಕ್‌ನಿಂದ ಒಂದು ಒಳ್ಳೆಯ ಎಕ್ಸ್‌ಟೆನ್ಶನ್ ಕೇಬಲ್ಲನ್ನು ಮೇಜಿನ ಮೇಲೆ ತಂದಿಟ್ಟುಕೊಳ್ಳಿ.